ತಡವಾಗಿ ಕಣಕ್ಕಿಳಿದ ಸ್ಪೇನ್: ಏಳು ವರ್ಷಗಳ ಯುದ್ಧ ಮತ್ತು ಅದರ ನಂತರ

ಶ್ರೋತೃಗಳಿಗೆ ನಮಸ್ಕಾರ. ಏಳು ವರ್ಷಗಳ ಯುದ್ಧವೆಂದು ಹೆಸರಾದ ಕದನವು 1756ರಿಂದ 1763ರವರೆಗೆ ಯುರೋಪಿನಲ್ಲಷ್ಟೇ ಅಲ್ಲದೆ ಉತ್ತರ ಅಮೆರಿಕ, ಕೆರಿಬಿಯನ್ ದ್ವೀಪಗಳು, ಪಶ್ಚಿಮ ಆಫ್ರಿಕ ಮತ್ತು ಭಾರತದ ಕರಾವಳಿಗಳಲ್ಲಿಯೂ ನಡೆಯಿತು. ಬ್ರಿಟನ್ ಮತ್ತು ಫ್ರಾನ್ಸ್ ಸಮುದ್ರದಾಚೆಯ ಈ ಹೋರಾಟದ ಮುಖ್ಯ ಎದುರಾಳಿಗಳು. ಸ್ಪೇನ್ ದೇಶವು ಮೊದಲ ಐದು ವರ್ಷ ದೂರವೇ ಉಳಿದು, ಫ್ರಾನ್ಸಿನ ಸೋಲು ಹೆಚ್ಚುಕಡಿಮೆ ಖಚಿತವಾದ ಮೇಲೆ ಕಣಕ್ಕಿಳಿಯಿತು. ಒಂದು ವರ್ಷ ತುಂಬುವುದರೊಳಗೆ ಕ್ಯೂಬಾದ ಹವಾನಾ ಮತ್ತು ಫಿಲಿಪೈನ್ಸಿನ ಮನಿಲಾ ಎಂಬ ಎರಡು ಮಹಾಬಂದರುಗಳನ್ನು ಕಳೆದುಕೊಂಡಿತು.

1759ರಲ್ಲಿ ಸ್ಪೇನಿನ ಸಿಂಹಾಸನವೇರಿದ ಮೂರನೆಯ ಕಾರ್ಲೋಸನಿಗೆ ಬ್ರಿಟನ್ನಿನ ಮೇಲೆ ಹಳೆಯ ಸಿಟ್ಟೊಂದಿತ್ತು. ಅವನು ನೇಪಲ್ಸಿನ ಅರಸನಾಗಿದ್ದಾಗ, 1742ರಲ್ಲಿ, ಬ್ರಿಟಿಷ್ ನೌಕಾಪಡೆ ಆ ನಗರದ ಮುಂದೆ ಲಂಗರು ಹಾಕಿ, ಸೈನ್ಯವನ್ನು ಹಿಂದಕ್ಕೆ ಕರೆಸದಿದ್ದರೆ ನಗರದ ಮೇಲೆ ಗುಂಡಿನ ಮಳೆಗರೆಯುವುದಾಗಿ ಬೆದರಿಸಿತ್ತು. ಆದರೆ ಯುದ್ಧಕ್ಕೆ ಈ ಸಿಟ್ಟೊಂದೇ ಕಾರಣವಲ್ಲ. ಹೊಂಡುರಾಸ್ ತೀರದಲ್ಲಿ ಬಟ್ಟೆಗೆ ಬಣ್ಣ ಕೊಡುವ ಮರ ಕಡಿಯುತ್ತಿದ್ದ ಬ್ರಿಟಿಷರು, ನ್ಯೂಫೌಂಡ್‌ಲ್ಯಾಂಡಿನ ಮೀನುಗಾರಿಕೆಯ ಹಕ್ಕು, ಸಮುದ್ರದಲ್ಲಿ ಹಿಡಿಯಲಾಗಿದ್ದ ಹಡಗುಗಳು ಹೀಗೆ ತಕರಾರುಗಳು ಹಲವಾಗಿದ್ದವು. ಇವೆಲ್ಲಕ್ಕಿಂತ ಮಿಗಿಲಾಗಿ, 1759ರಲ್ಲಿ ಕೆನಡಾದಲ್ಲಿ ಫ್ರೆಂಚರ ನೆಲೆಯಾಗಿದ್ದ ಕ್ವಿಬೆಕ್ ಬ್ರಿಟಿಷರ ವಶವಾದ ಮೇಲೆ ಅಮೆರಿಕದಲ್ಲಿ ಬ್ರಿಟನ್ನನ್ನು ತಡೆಯಬಲ್ಲ ಶಕ್ತಿಯೇ ಉಳಿಯದೆ ಹೋಗುವುದೆಂಬ ಭಯ ಮ್ಯಾಡ್ರಿಡ್ಡನ್ನು ಕಾಡುತ್ತಿತ್ತು. 1761ರ ಆಗಸ್ಟ್‌ನಲ್ಲಿ ಒಂದೇ ಬೂರ್ಬನ್ ಮನೆತನಕ್ಕೆ ಸೇರಿದ ಸ್ಪೇನ್ ಮತ್ತು ಫ್ರಾನ್ಸಿನ ಅರಸರು ಪರಸ್ಪರ ನೆರವಿನ ‘ಕುಟುಂಬ ಒಪ್ಪಂದ’ ಮಾಡಿಕೊಂಡರು. 1762ರ ಜನವರಿ 4ರಂದು ಬ್ರಿಟನ್ ಯುದ್ಧ ಸಾರಿತು. ಭಯವು ನಿರಾಧಾರವಾಗಿರಲಿಲ್ಲ, ಆದರೆ ಎರಡು ವರ್ಷ ಮೊದಲು ತೂಕವಿರಬಹುದಾಗಿದ್ದ ನೆರವು ಈಗ ಮುಳುಗುವವನ ಕೈ ಹಿಡಿದಂತಾಯಿತು ಎಂಬುದೇ ನನ್ನ ಅಭಿಪ್ರಾಯ.

ಬ್ರಿಟನ್ನಿನ ಮಿತ್ರರಾಷ್ಟ್ರವಾದ ಪೋರ್ಚುಗಲ್ಲಿನ ಮೇಲೆ ಸ್ಪೇನ್ ನಡೆಸಿದ ದಂಡಯಾತ್ರೆ ಹಸಿವು, ಕೆಟ್ಟ ದಾರಿಗಳು ಮತ್ತು ರೈತರ ಪ್ರತಿರೋಧಕ್ಕೆ ಸಿಕ್ಕಿ ವಿಫಲವಾಯಿತು. ನಿಜವಾದ ಪೆಟ್ಟು ಬಿದ್ದದ್ದು ಸಾಗರದಾಚೆ.

ಹವಾನಾದ ಬಂದರು ಕಿರಿದಾದ ಬಾಯಿಯುಳ್ಳದ್ದು. ಅದರ ಪೂರ್ವದಂಚಿನಲ್ಲಿ ಬಂಡೆಯ ಮೇಲೆ ಎಲ್ ಮೊರ್‍ರೋ ಕೋಟೆ. ಆದರೆ ಕೋಟೆಯ ಪಕ್ಕದಲ್ಲೇ ಅದಕ್ಕಿಂತ ಎತ್ತರದ ಲಾ ಕಬಾನ್ಯ ದಿಣ್ಣೆ ಇತ್ತು, ಅಲ್ಲಿ ಗಟ್ಟಿಯಾದ ರಕ್ಷಣೆ ಇರಲಿಲ್ಲ. ಈ ದೋಷ ಎಲ್ಲರಿಗೂ ಗೊತ್ತಿದ್ದೂ ಸರಿಪಡಿಸಿರಲಿಲ್ಲ. 1762ರ ಜೂನ್ 6ರಂದು ಅಡ್ಮಿರಲ್ ಪೊಕಾಕನ ನೌಕಾಪಡೆ, ದೊಡ್ಡ ಹಡಗುಗಳಿಗೆ ಅಪಾಯಕರವೆಂದು ಹೆಸರಾಗಿದ್ದ ಹಳೆಯ ಬಹಾಮಾ ಕಾಲುವೆಯ ಮೂಲಕ ಅನಿರೀಕ್ಷಿತವಾಗಿ ಬಂದು ನಿಂತಿತು. ಗಾಬರಿಗೊಂಡ ಗವರ್ನರ್ ಹುವಾನ್ ದೆ ಪ್ರಾದೊ ಮತ್ತು ಅವನ ಸಲಹೆಗಾರರು ಮೂರು ಯುದ್ಧನೌಕೆಗಳನ್ನು ಬಂದರಿನ ಬಾಯಿಯಲ್ಲಿ ಮುಳುಗಿಸಿದರು. ಶತ್ರು ಒಳಗೆ ಬರಲಿಲ್ಲ ನಿಜ, ಆದರೆ ಸ್ಪೇನಿನ ಉಳಿದ ಹಡಗುಗಳೂ ಹೊರಗೆ ಹೋಗಲಾರದೆ ಒಳಗೇ ಸಿಕ್ಕಿಕೊಂಡವು. ಮೊರ್‍ರೋದಲ್ಲಿ ನೌಕಾ ಕ್ಯಾಪ್ಟನ್ ಲೂಯಿಸ್ ದೆ ವೆಲಾಸ್ಕೊ ವಾರಗಟ್ಟಲೆ ಎದುರುನಿಂತನು. ಜುಲೈ 30ರಂದು ಬ್ರಿಟಿಷರು ಗೋಡೆಯ ಬುಡದಲ್ಲಿ ಸುರಂಗ ತೋಡಿ, ಮದ್ದು ತುಂಬಿ ಸಿಡಿಸಿ ಒಳನುಗ್ಗಿದರು. ಅಂದು ಗಾಯಗೊಂಡ ವೆಲಾಸ್ಕೊ ಮರುದಿನ ತೀರಿಕೊಂಡನು. ಆಗಸ್ಟ್ ಮಧ್ಯದಲ್ಲಿ ನಗರ ಶರಣಾಯಿತು. ಗೆದ್ದವರ ಪಾಡೂ ಚೆನ್ನಾಗಿರಲಿಲ್ಲ: ಗುಂಡಿಗೆ ಬಿದ್ದವರಿಗಿಂತ ಹಲವು ಪಟ್ಟು ಸೈನಿಕರು ಹಳದಿ ಜ್ವರ ಮೊದಲಾದ ರೋಗಗಳಿಗೆ ಬಲಿಯಾದರು.

ಮನಿಲಾದ ಕಥೆ ನಮ್ಮ ನೆರೆಯಿಂದಲೇ ಆರಂಭವಾಗುತ್ತದೆ. ಫ್ರೆಂಚರ ಪಾಂಡಿಚೇರಿಗೆ 1760ರಲ್ಲಿ ಮೈಸೂರಿನ ಹೈದರಲಿ ಮಖ್ದೂಮ್ ಅಲಿಯ ನಾಯಕತ್ವದಲ್ಲಿ ನೆರವು ಕಳುಹಿಸಿದ್ದರೂ, 1761ರ ಜನವರಿಯಲ್ಲಿ ಆ ಪಟ್ಟಣ ಬ್ರಿಟಿಷರ ಕೈಸೇರಿತು. ಇದರಿಂದ ಬಿಡುವಾದ ಪಡೆಯನ್ನು ವಿಲಿಯಂ ಡ್ರೇಪರ್ ಮತ್ತು ಅಡ್ಮಿರಲ್ ಕಾರ್ನಿಷ್ ಮದರಾಸಿನಿಂದ ಫಿಲಿಪೈನ್ಸಿಗೆ ಒಯ್ದರು. ಅದರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳೂ ಇದ್ದರು. 1762ರ ಸೆಪ್ಟೆಂಬರಿನಲ್ಲಿ ಅವರು ಮನಿಲಾ ಕೊಲ್ಲಿಯನ್ನು ಹೊಕ್ಕಾಗ, ಯುದ್ಧ ಆರಂಭವಾಗಿದೆ ಎಂಬ ಅಧಿಕೃತ ಸುದ್ದಿಯೇ ಅಲ್ಲಿಗೆ ತಲುಪಿರಲಿಲ್ಲ. ಹಂಗಾಮಿ ಗವರ್ನರ್ ಆಗಿದ್ದವನು ಆರ್ಚ್‌ಬಿಷಪ್ ರೋಹೊ. ಅಕ್ಟೋಬರ್ 6ರಂದು ನಗರ ಬಿತ್ತು. ಲೂಟಿಯಿಂದ ಪಾರಾಗಲು ನಲವತ್ತು ಲಕ್ಷ ಸ್ಪ್ಯಾನಿಷ್ ಬೆಳ್ಳಿ ಡಾಲರ್ ಕೊಡುವುದಾಗಿ ರೋಹೊ ಒಪ್ಪಿಕೊಂಡನು, ಅದು ಪೂರ್ತಿಯಾಗಿ ಸಂದಾಯವಾಗಲೇ ಇಲ್ಲ. ನ್ಯಾಯಾಧಿಕಾರಿ ಸಿಮೋನ್ ದೆ ಆಂದಾ ಮಾತ್ರ ನಗರ ಬೀಳುವ ಮುನ್ನವೇ ದೋಣಿಯಲ್ಲಿ ತಪ್ಪಿಸಿಕೊಂಡು, ಸರ್ಕಾರಿ ಮುದ್ರೆಯ ಒಂದಿಷ್ಟು ಕಾಗದವನ್ನು ಜೊತೆಗೊಯ್ದು, ಪಂಪಾಂಗಾ ಪ್ರಾಂತದ ಬಕೊಲೊರಿನಿಂದ ಪ್ರತಿರೋಧ ನಡೆಸಿದನು. ಇದೇ ಹೊತ್ತಿನಲ್ಲಿ ಇಲೋಕೊಸ್ ಪ್ರಾಂತದಲ್ಲಿ ದಿಯೇಗೊ ಸಿಲಾಂಗ್ ಸ್ಪೇನಿನ ವಿರುದ್ಧ ದಂಗೆಯೆದ್ದನು. 1763ರ ಮೇ ತಿಂಗಳಲ್ಲಿ ಅವನ ಕೊಲೆಯಾದ ಮೇಲೆ ಹೋರಾಟ ಮುಂದುವರಿಸಿದ ಪತ್ನಿ ಗಾಬ್ರಿಯೇಲಾಳನ್ನು ಅದೇ ವರ್ಷ ಗಲ್ಲಿಗೇರಿಸಲಾಯಿತು. ಬ್ರಿಟಿಷರು ಮರಳಿದಾಗ ಹಿಂದುಳಿದ ಕೆಲವು ಸಿಪಾಯಿಗಳು ಕೈಂತಾ ಎಂಬಲ್ಲಿ ಸಂಸಾರ ಹೂಡಿದರು. ಅವರ ವಂಶದವರು ಇಂದಿಗೂ ಅಲ್ಲಿದ್ದಾರೆ.

1763ರ ಫೆಬ್ರವರಿ 10ರ ಪ್ಯಾರಿಸ್ ಒಪ್ಪಂದದಂತೆ ಹವಾನಾವನ್ನು ಮರಳಿ ಪಡೆಯಲು ಸ್ಪೇನ್ ಫ್ಲಾರಿಡಾವನ್ನು ಬಿಟ್ಟುಕೊಟ್ಟಿತು. ಮನಿಲಾ ಬಿದ್ದ ಸುದ್ದಿ ಸಕಾಲಕ್ಕೆ ತಲುಪದ್ದರಿಂದ ಒಪ್ಪಂದದಲ್ಲಿ ಅದರ ಹೆಸರೇ ಇರಲಿಲ್ಲ. ಹೆಸರಿಸದ ಪ್ರದೇಶಗಳನ್ನು ಹಿಂದಿರುಗಿಸಬೇಕೆಂಬ ಸಾಮಾನ್ಯ ನಿಯಮದಡಿ ಅದು 1764ರಲ್ಲಿ ಸ್ಪೇನಿಗೆ ಮರಳಿತು. ಮಿಸಿಸಿಪ್ಪಿಯ ಪಶ್ಚಿಮದ ಲೂಯಿಸಿಯಾನಾವನ್ನು ಫ್ರಾನ್ಸ್ ಮೊದಲೇ ಗುಟ್ಟಾಗಿ ಸ್ಪೇನಿಗೆ ಒಪ್ಪಿಸಿತ್ತು. ನಕ್ಷೆಯ ಲೆಕ್ಕದಲ್ಲಿ ಇದು ಲಾಭದಂತೆ ತೋರಬಹುದು. ಆದರೆ ಫ್ಲಾರಿಡಾದ ಸೇಂಟ್ ಅಗಸ್ಟಿನ್ ಪಟ್ಟಣದ ಸುಮಾರು 3000 ನಿವಾಸಿಗಳು ಮನೆಮಠ ಬಿಟ್ಟು ಕ್ಯೂಬಾಕ್ಕೆ ಹಡಗು ಹತ್ತಬೇಕಾಯಿತು. ಬ್ರಿಟಿಷ್ ವಸಾಹತುಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮೋಸೆ ಎಂಬಲ್ಲಿ ಸ್ವತಂತ್ರರಾಗಿ ಬಾಳುತ್ತಿದ್ದ ಆಫ್ರಿಕನ್ ಕುಟುಂಬಗಳೂ ಅವರೊಂದಿಗಿದ್ದವು.

ಮ್ಯಾಡ್ರಿಡ್ ಈ ಸೋಲನ್ನು ಮರೆಯಲಿಲ್ಲ. ಪ್ರಾದೊನಿಗೆ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಅದನ್ನು ಅರಸನು ಮುಂದೆ ತಗ್ಗಿಸಿದನು. ಕ್ಯೂಬಾದಲ್ಲಿ ರಿಕ್ಲಾದ ಕೌಂಟ್ ಮತ್ತು ಅಲೆಹಾಂದ್ರೊ ಒ'ರೈಲಿ ಕಪ್ಪುಜನರ ತುಕಡಿಗಳೂ ಸೇರಿದಂತೆ ಸ್ಥಳೀಯ ಪಡೆಯನ್ನು ಕಟ್ಟಿದರು. ಲಾ ಕಬಾನ್ಯ ದಿಣ್ಣೆಯ ಮೇಲೆ ಮಹಾಕೋಟೆಯೊಂದು 1774ರ ಹೊತ್ತಿಗೆ ಎದ್ದುನಿಂತಿತು. 1765ರಲ್ಲಿ ಕ್ಯೂಬಾ ಮೊದಲಾದ ದ್ವೀಪಗಳ ವ್ಯಾಪಾರಕ್ಕೆ ಸ್ಪೇನಿನ ಹಲವು ಬಂದರುಗಳನ್ನು ತೆರೆಯಲಾಯಿತು. ಸಕ್ಕರೆಯ ತೋಟಗಳು ಬೆಳೆದವು, ಅವುಗಳ ಜೊತೆಗೆ ಗುಲಾಮರ ಆಮದೂ ಏರಿತು. ಸುಧಾರಣೆ ಎಂದು ಹೊಗಳುವವರು ಈ ಕೊನೆಯ ಸಾಲನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಈ ಎಲ್ಲಕ್ಕೂ ಹಣ ಎಲ್ಲಿಂದ? ಹವಾನಾದ ರಕ್ಷಣೆಯ ವೆಚ್ಚಕ್ಕೆ ಮೆಕ್ಸಿಕೊದ ಬೆಳ್ಳಿ ಹರಿಯಿತು. ಉಳಿದೆಡೆ ಮಾರಾಟ ತೆರಿಗೆ, ಮದ್ಯ ಮತ್ತು ಹೊಗೆಸೊಪ್ಪಿನ ಏಕಸ್ವಾಮ್ಯಗಳನ್ನು ಬಿಗಿಗೊಳಿಸಲಾಯಿತು. ಮೊದಲ ಉತ್ತರ 1765ರಲ್ಲಿ ಇಂದಿನ ಎಕ್ವಡಾರಿನ ಕೀಟೊ ನಗರದ ದಂಗೆಯಾಗಿ ಬಂತು. 1779ರಲ್ಲಿ ಸ್ಪೇನ್ ಮತ್ತೆ ಬ್ರಿಟನ್ನಿನ ವಿರುದ್ಧ ಯುದ್ಧಕ್ಕಿಳಿದಾಗ ಸುಧಾರಿತ ಸೈನ್ಯ ತನ್ನ ಕೆಲಸ ಮಾಡಿತು. 1781ರಲ್ಲಿ ಬರ್ನಾರ್ದೊ ದೆ ಗಾಲ್ವೆಸ್ ಫ್ಲಾರಿಡಾದ ಪೆನ್ಸಕೋಲಾವನ್ನು ಗೆದ್ದನು, 1783ರಲ್ಲಿ ಫ್ಲಾರಿಡಾ ಮರಳಿತು. ಆದರೆ ಆ ಗೆಲುವಿನ ದಿನಗಳಲ್ಲೇ ಪೆರುವಿನಲ್ಲಿ ಎರಡನೆಯ ಟುಪಾಕ್ ಅಮಾರುವಿನ ಬಂಡಾಯವೂ ನ್ಯೂ ಗ್ರನಾಡಾದಲ್ಲಿ (ಇಂದಿನ ಕೊಲಂಬಿಯಾ) ಕೊಮುನೇರೊಗಳೆಂಬ ಸಾಮಾನ್ಯ ಜನರ ದಂಗೆಯೂ ಭುಗಿಲೆದ್ದಿದ್ದವು. ಎರಡರಲ್ಲಿಯೂ ಜನರ ಮುಖ್ಯ ದೂರುಗಳಲ್ಲಿ ಇದೇ ತೆರಿಗೆಗಳಿದ್ದವು. ನಮಸ್ಕಾರ.