ಬಾಡಿಗೆ ಕಟ್ಟುವವರ ಕಥೆಗಳು

ಮುಂಬಯಿಯ ಸಿನಿಮಾ ಎಂದರೆ ಮರೀನ್ ಡ್ರೈವ್, ಜಡಿಮಳೆ, ಕೊಡೆ ಮರೆತು ಬಂದ ಇಬ್ಬರು ಪ್ರೇಮಿಗಳು. ಅವರ ಮೇಲೆ ನನಗೆ ಒಂದೇ ತಕರಾರು. ಅವರು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ, ಬಾಡಿಗೆ ಎಷ್ಟು ಕಟ್ಟುತ್ತಾರೆ, ಎಷ್ಟು ಹೊತ್ತಿಗೆ ಕಚೇರಿಯ ಹಾಜರಿ ಮಸ್ಟರಿನಲ್ಲಿ ಸಹಿ ಹಾಕುತ್ತಾರೆ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಆದ್ದರಿಂದ ಇಂದು ಹೇಳುವುದೆಲ್ಲ ಬಾಡಿಗೆ ಕಟ್ಟುವವರ ಕಥೆಗಳನ್ನೇ.

ಈಗ ನೀವು ನೋಡುತ್ತಿರುವುದು ಮುಂಬಯಿಯ ಹೊರವಲಯದ ಡೊಂಬಿವಲಿಯಿಂದ ಹೊರಟ ಫಾಸ್ಟ್ ಲೋಕಲ್ ರೈಲು. ಮೂವರ ಆಸನದ ತುದಿಯಲ್ಲಿ ಅರ್ಧ ಮೈ ಹೊರಗೆ ಚಾಚಿ ಕುಳಿತವಳು ನಾನು. ಇಲ್ಲಿನವರ ಬಾಯಲ್ಲಿ ಇದು ಫೋರ್ತ್ ಸೀಟ್. ಇಲ್ಲಿ ಕುಳಿತೂ ಕೆಳಗಿಡಲಾಗದ ಪುಸ್ತಕ ಯಶವಂತ ಚಿತ್ತಾಲರ ‘ಶಿಕಾರಿ’. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಈ ಊರಿನಲ್ಲಿ ಬಾಳಿದವರು; ಕಂಪನಿಗಳ ಒಳಗುಟ್ಟು ಬಲ್ಲವರು. 1979ರ ಈ ಕಾದಂಬರಿಯ ನಾಗಪ್ಪ ಒಂದು ರಾಸಾಯನಿಕ ಕಂಪನಿಯ ದೊಡ್ಡ ಅಧಿಕಾರಿ. ಇದ್ದಕ್ಕಿದ್ದಂತೆ ಅವನನ್ನು ಕೆಲಸದಿಂದ ದೂರವಿಡುತ್ತಾರೆ. ಯಾವ ತಪ್ಪಿಗೆ, ಮಸಲತ್ತು ಯಾರದು, ಒಂದೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಫೋನ್ ಬಂದರೂ ಅನುಮಾನ, ಪರಿಚಿತರು ನಕ್ಕರೂ ಅನುಮಾನ. ಬೇಟೆಗಾರರ ಪೈಕಿ ಊರಿನವನೂ ಒಬ್ಬನಿದ್ದಾನೆ, ಚಿಕ್ಕಂದಿನಿಂದ ಬಲ್ಲವನು. ಈ ಪುಸ್ತಕದ ಮಾತು ಬಂದಾಗ ಪಂಡಿತರು, ಕಾರಣ ತಿಳಿಯದೆ ಆರೋಪಕ್ಕೆ ಸಿಕ್ಕವನ ಕಥೆ ಬರೆದ ಕಾಫ್ಕಾನ ಹೆಸರೆತ್ತುತ್ತಾರೆ; ನನಗೆ ನೆನಪಾಗುವುದು ನಮ್ಮ ಕಚೇರಿಯ ಚಹಾದ ಹೊತ್ತು. ನಡುವೆ ನಾಗಪ್ಪನ ಶಂಕೆ ಪುಟಗಟ್ಟಲೆ ಗಿರಕಿ ಹೊಡೆಯುತ್ತದೆ, ಉಸಿರು ಕಟ್ಟುತ್ತದೆ. ಸಹಿಸಿಕೊಳ್ಳಿ.

ಅಷ್ಟು ದೊಡ್ಡದನ್ನು ಓದಲು ವ್ಯವಧಾನವಿಲ್ಲದವರಿಗೆ ಜಯಂತ ಕಾಯ್ಕಿಣಿಯವರ ಸಣ್ಣಕತೆ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಇದೆ. ಇಬ್ಬರು ಅನಾಥರು ತಮ್ಮ ಮದುವೆಯ ಕರೆಯೋಲೆಯ ಒಕ್ಕಣೆ ಬರೆಯಲು ಕೂರುತ್ತಾರೆ. ಅಡ್ಡಹೆಸರಿನ ಪ್ರಶ್ನೆ ಎದುರಾಗುತ್ತದೆ. ಅಷ್ಟೇ. ಮಿಕ್ಕದ್ದನ್ನು ನೀವೇ ಓದಬೇಕು.

ಸಿನಿಮಾಗಳ ವಿಷಯಕ್ಕೆ ಬಂದರೆ, ರಿತೇಶ್ ಬತ್ರಾ ಅವರ ‘ದಿ ಲಂಚ್‌ಬಾಕ್ಸ್’ ನೋಡದವರು ಕಡಿಮೆ. ಆದರೂ ಶೇಖ್‌ನಿಗಾಗಿ ಇನ್ನೊಮ್ಮೆ ನೋಡಿ. ನವಾಜುದ್ದೀನ್ ಸಿದ್ದೀಕಿಯ ಈ ಪಾತ್ರ ಲೋಕಲಿನಲ್ಲೇ ಕುಳಿತು ರಾತ್ರಿಯ ಅಡುಗೆಗೆ ತರಕಾರಿ ಹೆಚ್ಚುತ್ತದೆ. ರೈಲಿನ ಮಹಿಳೆಯರ ಬೋಗಿಯಲ್ಲಿ ಮೆಂತ್ಯ ಬಿಡಿಸುವವರನ್ನು ಕಂಡವರಿಗೆ ಇದು ತಮಾಷೆಯಲ್ಲ, ವೇಳಾಪಟ್ಟಿ. ಮಹಡಿಯ ಮೇಲಿನ ದೇಶಪಾಂಡೆ ಆಂಟಿ ಒಮ್ಮೆಯೂ ಕಾಣಿಸುವುದಿಲ್ಲ; ದನಿ ಕೇಳುತ್ತದೆ, ಕಿಟಕಿಯಿಂದ ಬುಟ್ಟಿ ಇಳಿಯುತ್ತದೆ. ಆ ದನಿ ಭಾರತಿ ಆಚರೇಕರ್ ಅವರದು. ಕಥೆ ಶುರುವಾಗುವುದೇ ತಪ್ಪು ವಿಳಾಸಕ್ಕೆ ಹೋದ ಡಬ್ಬಿಯಿಂದ; ಮನೆಯೂಟವನ್ನು ಕಚೇರಿಗೆ ಮುಟ್ಟಿಸುವ ಡಬ್ಬಾವಾಲಾಗಳು ಊಟದ ಡಬ್ಬಿಯನ್ನು ತಪ್ಪು ಜಾಗಕ್ಕೆ ಕೊಡುವುದುಂಟೇ ಎಂದು ಮಾಟುಂಗಾದ ನಮ್ಮ ಚಿಕ್ಕಮ್ಮ ಮಾತ್ರ ಇಂದಿಗೂ ಆ ಚಿತ್ರದ ಮೇಲೆ ಮುನಿಸಿಕೊಂಡಿದ್ದಾರೆ.

ಇನ್ನೆರಡನ್ನು ಬೆನ್ನುಬೆನ್ನಿಗೆ ನೋಡಬೇಕು. 1977ರ ‘ಘರೋಂದಾ’ದಲ್ಲಿ ಅಮೋಲ್ ಪಾಲೇಕರ್, ಜರೀನಾ ವಹಾಬ್ ಒಂದೇ ಕಚೇರಿಯ ನೌಕರರು. ಕೂಡಿಟ್ಟ ದುಡ್ಡನ್ನು ಫ್ಲ್ಯಾಟಿಗೆಂದು ಸುರಿಯುತ್ತಾರೆ, ಬಿಲ್ಡರ್ ಕೈಕೊಡುತ್ತಾನೆ. ಕೊನೆಗೆ ಹೃದ್ರೋಗಿಯಾದ ಕಚೇರಿಯ ಮಾಲೀಕನನ್ನು ಮದುವೆಯಾಗು ಎಂದು ಪ್ರೇಮಿಯೇ ಅವಳಿಗೆ ಹೇಳುವ ಹಂತಕ್ಕೆ ಮುಟ್ಟುತ್ತದೆ. ಹಾಡುಗಳು ಇಂಪಾಗಿವೆ ಎಂದು ಇದನ್ನು ಹಗುರವಾದ ಚಿತ್ರವೆಂದುಕೊಂಡವರೇ ಹೆಚ್ಚು. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಪಡೆಯಿತು. ಅಲ್ಲಿಯೂ ಬಿಲ್ಡರ್ ಇದ್ದಾನೆ. ಆಸ್ಪತ್ರೆಯಲ್ಲಿ ಅಡುಗೆ ಮಾಡುವ ಪಾರ್ವತಿಯ ಗಂಡ ತೀರಿಹೋಗಿದ್ದಾನೆ, ಮನೆ ತನ್ನದೆಂದು ತೋರಿಸಲು ಕಾಗದಪತ್ರವಿಲ್ಲ. ಮಲಯಾಳಿ ನರ್ಸ್ ಪ್ರಭಾಗೆ ಕಳುಹಿಸಿದವರ ಹೆಸರಿಲ್ಲದೆ ಒಂದು ರೈಸ್ ಕುಕ್ಕರ್ ಬರುತ್ತದೆ, ಜರ್ಮನಿಯಲ್ಲಿ ತಯಾರಾದದ್ದು. ಗಂಡ ಇರುವುದೂ ಅಲ್ಲೇ. ರಾತ್ರಿ ನೆಲದ ಮೇಲೆ ಕುಳಿತು ಅವಳು ಆ ಕುಕ್ಕರನ್ನು ತಬ್ಬಿಕೊಳ್ಳುತ್ತಾಳೆ. ಆ ಒಂದು ದೃಶ್ಯಕ್ಕೆ ಟಿಕೆಟಿನ ದುಡ್ಡು ಸಂದಿತು.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ‘ಘರೋಂದಾ’ ಎನ್ನುತ್ತೇನೆ. ‘ಶಿಕಾರಿ’ಯನ್ನು ಮಾತ್ರ ಬಡ್ತಿಯ ಪಟ್ಟಿ ಹೊರಬೀಳುವ ತಿಂಗಳಿನಲ್ಲಿ ಕೈಗೆತ್ತಿಕೊಳ್ಳಬೇಡಿ.