ತೋಡಿನ ದಾರಿಗೆ ರಂಗೋಲಿ

ಕೇಳುಗರಿಗೆ ನಮಸ್ಕಾರ.

ಮಂಗಳೂರಿನವರಿಗೆ ತೋಡು ಎಂದರೇನೆಂದು ವಿವರಿಸಬೇಕಾಗಿಲ್ಲ. ಮುರಕಲ್ಲಿನ ಗುಡ್ಡಗಳಿಂದ ಇಳಿದು, ಗದ್ದೆಯ ಬದಿಯನ್ನು ಸವರಿಕೊಂಡು, ನೇತ್ರಾವತಿಗೋ ಫಲ್ಗುಣಿಗೋ ಸೇರುತ್ತಿದ್ದ ಈ ಸಣ್ಣ ಹರಿವಿನ ದಂಡೆಯಲ್ಲಿ ಕೇದಗೆಯ ಪೊದೆಗಳಿದ್ದವು. ಮುಂಗಾರಿನ ಮೊದಲ ನೀರಿಗೆ ಮೀನುಗಳು ಎದುರೇರಿ ಬರುತ್ತಿದ್ದವು. ಇಂದು ನಗರದೊಳಗೆ ಹಲವೆಡೆ ತೋಡು ಕಾಂಕ್ರೀಟ್ ಚಪ್ಪಡಿಯ ಅಡಿಗೆ ಸೇರಿದೆ, ಅದರೊಂದಿಗೆ ನಮ್ಮ ನೆನಪಿನಿಂದಲೂ ಜಾರಿದೆ. 2018ರ ಮೇ 29ರ ಮಳೆಗೆ ರಸ್ತೆಗಳೇ ಹೊಳೆಯಾದಾಗ, ನೀರು ಮನೆಗೆ ನುಗ್ಗಿತೆಂದು ನಾವೆಲ್ಲ ದೂರಿದೆವು. ಆ ನೀರಿನ ದಾರಿಯಲ್ಲಿ ಮನೆ ಕಟ್ಟಿದವರು ಯಾರೆಂದು ಕೇಳಿದವರು ಕಡಿಮೆ.

ಪರಿಸರದ ಅರಿವು ಮೂಡಿಸಬೇಕೆಂದಾಗ ನಗರಗಳಿಗೆ ಮೊದಲು ಹೊಳೆಯುವುದು ಗೋಡೆಚಿತ್ರ. ಗೋಡೆಚಿತ್ರದ ಬಗ್ಗೆ ನನಗೆ ತಕರಾರಿಲ್ಲ. ಆದರೆ ರಸ್ತೆ ಅಗಲಿಸಲೆಂದು ಮರ ಕಡಿದ ಜಾಗದ ತಡೆಗೋಡೆಯ ಮೇಲೆ, ಪ್ಲಾಸ್ಟಿಕ್ ಬಣ್ಣದಲ್ಲಿ ಮೂಡಿದ ಮಂಗಟ್ಟೆ ಹಕ್ಕಿಯನ್ನು ಕಂಡಾಗ ಏನು ಹೇಳಬೇಕೆಂದು ತೋಚುವುದಿಲ್ಲ. ಬಣ್ಣ ಬಳಿದವರು ಹೊರಟುಹೋಗುತ್ತಾರೆ, ದಾರಿಹೋಕರು ಒಮ್ಮೆ ನೋಡಿ ಮುಂದೆ ಸಾಗುತ್ತಾರೆ, ಅಲ್ಲಿಗೆ ಮುಗಿಯಿತು. ಊರವರ ಕೈ ಸೇರದ ಚಿತ್ರಕ್ಕೆ ಊರವರ ಕಾವಲೂ ಇರುವುದಿಲ್ಲ.

ಜರ್ಮನಿಯ ಕಾಸೆಲ್ ನಗರದಲ್ಲಿ ಕಲಾವಿದ ಯೋಸೆಫ್ ಬಾಯ್ಸ್ 1982ರಲ್ಲಿ ಆರಂಭಿಸಿದ ಕೆಲಸ ಈ ಕಾರಣಕ್ಕೇ ನನಗೆ ಮುಖ್ಯವೆನಿಸುತ್ತದೆ. ಅಲ್ಲಿನ ಹೆಸರಾಂತ ಕಲಾಪ್ರದರ್ಶನಕ್ಕೆಂದು ಆತ ಯಾವ ಶಿಲ್ಪವನ್ನೂ ಕೆತ್ತಲಿಲ್ಲ. ಮ್ಯೂಸಿಯಮ್ಮಿನ ಎದುರು 7000 ಕಪ್ಪುಶಿಲೆಯ ಕಂಬಗಳನ್ನು ತಂದು ರಾಶಿ ಹಾಕಿಸಿದ. ಯಾರಾದರೂ ನಗರದಲ್ಲಿ ಒಂದು ಸಸಿ ನೆಟ್ಟರೆ ಮಾತ್ರ ಒಂದು ಕಲ್ಲನ್ನು ಅಲ್ಲಿಂದ ಎತ್ತಿ ಆ ಸಸಿಯ ಪಕ್ಕದಲ್ಲಿ ಹುಗಿಯಬೇಕು, ಇದು ಕರಾರು. ರಾಶಿ ಕರಗಲು ಐದು ವರ್ಷ ಹಿಡಿಯಿತು. ಅಷ್ಟರಲ್ಲಿ, 1986ರಲ್ಲಿ, ಬಾಯ್ಸ್ ತೀರಿಕೊಂಡಿದ್ದ. ಕೊನೆಯ ಸಸಿ ನೆಡಲು 1987ರಲ್ಲಿ ಅವನ ಮಗ ಬರಬೇಕಾಯಿತು. ಕಲ್ಲು ಇದ್ದಷ್ಟೇ ಇದೆ, ಪಕ್ಕದ ಮರ ಮಾತ್ರ ವರ್ಷವರ್ಷವೂ ಅದನ್ನು ಮೀರಿ ಬೆಳೆಯುತ್ತದೆ.

ಹಲವು ಕೈಗಳ ಕಲೆ ನಮಗೇನೂ ಹೊಸತಲ್ಲ. ನಾಗನ ಆರಾಧನೆಯಾದ ನಾಗಮಂಡಲದ ರಾತ್ರಿ, ವೈದ್ಯರೆಂದು ಕರೆಯಲಾಗುವ ಆರಾಧಕರ ಬಳಗ ನೆಲದ ಮೇಲೆ ಬರೆಯುವ ಮಂಡಲವನ್ನು ನೆನೆಯಿರಿ. ಬಿಳಿಗೆ ಶೇಡಿ ಎಂಬ ಬಿಳಿಮಣ್ಣು, ಹಳದಿಗೆ ಅರಸಿನ, ಕೆಂಪಿಗೆ ಅರಸಿನ ಸುಣ್ಣದ ಮಿಶ್ರಣ, ಹಸಿರಿಗೆ ಎಲೆಯ ಪುಡಿ, ಕಪ್ಪಿಗೆ ಸುಟ್ಟ ಉಮಿ. ಗಂಟೆಗಟ್ಟಲೆ ಬಾಗಿ ಬರೆದದ್ದು ಬೆಳಗಾಗುವಷ್ಟರಲ್ಲಿ ಅಳಿದು, ಪ್ರಸಾದವಾಗಿ ಕೈಸೇರುತ್ತದೆ. ಮಣ್ಣಿಗೆ ಮರಳಲಾಗದ ಒಂದು ಚಿಟಿಕೆಯೂ ಅದರಲ್ಲಿ ಇಲ್ಲ. ಆದರೆ ಆ ನಾಗನ ಬನಗಳಲ್ಲೇ ಎಷ್ಟೋ ಕಡೆ ಮರ ತೆಗೆದು ಗ್ರಾನೈಟ್ ಹಾಸಿದ್ದೇವೆ. ಅದು ಇನ್ನೊಂದು ದಿನದ ಮಾತಾದೀತು.

ಕಳೆದ ಬೇಸಗೆಯಲ್ಲಿ ನಮ್ಮ ಓಣಿಯ ಹದಿನೈದು ಮನೆಯವರು ಸೇರಿ ಈ ಬಣ್ಣಗಳನ್ನೇ ಸಾಲ ಪಡೆದೆವು. ಹಿರಿಯರೊಬ್ಬರು ಕೋಲು ಹಿಡಿದು, ತೋಡು ಎಲ್ಲೆಲ್ಲಿ ತಿರುಗುತ್ತಿತ್ತೆಂದು ನೆನಪಿನಿಂದ ತೋರಿಸುತ್ತಾ ನಡೆದರು. ಅವರ ಹಿಂದೆ ಹೆಂಗಸರೂ ಮಕ್ಕಳೂ ಚಪ್ಪಡಿಯ ಮೇಲೆ ಅಕ್ಕಿಹಿಟ್ಟಿನ ಅಲೆಗಳನ್ನು ಎಳೆಯುತ್ತಾ ಬಂದರು. ಮಳೆನೀರು ಇಳಿಯುವಲ್ಲಿ ಬಿಳಿ, ಮನೆಯ ಕೊಳಕು ನೀರಿನ ಪೈಪು ಸೇರುವಲ್ಲಿ ಸುಟ್ಟ ಉಮಿಯ ಕಪ್ಪು. ಮೀನಿನ ಬುಟ್ಟಿ ಇಳಿಸಿ ನಿಂತ ಅಕ್ಕ ತುಳುವಿನಲ್ಲಿ ಕೇಳಿದ್ದರ ಸಾರ ಇಷ್ಟು: “ಇದು ಕೊನೆಗೆ ಅಳಿವೆಗೆ ತಾನೇ ಬರುವುದು? ಬಲೆ ಎಳೆದರೆ ಮೀನಿಗಿಂತ ಮೊದಲು ನಿಮ್ಮ ಹಾಲಿನ ಪ್ಲಾಸ್ಟಿಕ್ ತೊಟ್ಟೆ ಸಿಗುತ್ತದೆ.” ಆಕೆಯ ಮಾತಿಗೆ, ರಂಗೋಲಿಯ ತುದಿಯಲ್ಲಿ ಮಕ್ಕಳು ಒಂದು ಬಲೆಯನ್ನೂ ಬರೆದರು.

ಎಲ್ಲವೂ ಚೆನ್ನಾಗಿ ನಡೆಯಿತೆಂದೇನೂ ಇಲ್ಲ. ಒಂದು ಮನೆಯ ಮುಂದಿನ ಕಪ್ಪನ್ನು ಯಾರೋ ರಾತ್ರೋರಾತ್ರಿ ತೊಳೆದರು. ಮಕ್ಕಳು ಮತ್ತೆ ಬರೆದರು, ಅದೂ ತೊಳೆದುಹೋಯಿತು. ಆ ಪೈಪು ಈಗಲೂ ಅಲ್ಲೇ ಉಂಟು. ಆದರೆ ಮಳೆಗೆ ಮೊದಲು ಮೂರು ಚಪ್ಪಡಿ ಎತ್ತಿಸಿ ಹೂಳು ತೆಗೆಸಲು, ಹಿಂದೆ ಸಭೆಗೆ ಕರೆದರೂ ಬಾರದಿದ್ದವರೇ ಮುಂದೆ ನಿಂತರು.

ಜೂನಿನ ಮೊದಲ ಜಡಿಮಳೆಗೆ ರಂಗೋಲಿ ಪೂರ್ತಿ ತೊಳೆದುಹೋಯಿತು. ಮರುದಿನ ಬೆಳಗ್ಗೆ ತಿರುವಿನ ಮನೆಯ ಅಜ್ಜಿಯ ಫೋನು: “ಮಗಾ, ಈ ಸರ್ತಿ ನೀರು ಅಂಗಳಕ್ಕೆ ಬರಲಿಲ್ಲ. ಆದರೆ ಮೇಲಿನ ಮೋರಿಯಲ್ಲಿ ಒಂದು ಹಾಸಿಗೆ ಸಿಕ್ಕಿಕೊಂಡಿದೆ. ಯಾರದ್ದು ಅಂತ ನನಗೆ ಗೊತ್ತುಂಟು. ಸ್ವಲ್ಪ ಉಮಿ ಸುಟ್ಟು ಇಟ್ಟಿದ್ದೇನೆ, ಮಳೆ ಬಿಟ್ಟ ಕೂಡಲೇ ಮಕ್ಕಳನ್ನು ಕಳಿಸು.”

ನಮಸ್ಕಾರ.