ಕಿವಿ ತಮಟೆಗೆ ಹಾಕೋ ತೇಪೆ

ಎಲ್ರಿಗೂ ನಮಸ್ಕಾರ. ರೇಷ್ಮೆ ಗೂಡಿನ ಮಾರ್ಕೆಟ್ ಮುಗಿಸ್ಕೊಂಡು, ನೂಲು ಬಿಚ್ಚೋ ಫಿಲೇಚರ್ ಕೆಲಸ ಬಿಟ್ಟು ಶಿಡ್ಲಘಟ್ಟದಲ್ಲಿ ಇಷ್ಟು ಜನ ಬಂದು ಕೂತಿದ್ದೀರ, ತುಂಬಾ ಖುಷಿ ಆಯ್ತು.

ನಾನು ಕಿವಿ ಡಾಕ್ಟರು, ನನ್ನ ಹತ್ರ ಬರೋರು ಸುಮಾರು ಜನ ಹೇಳೋದು ಒಂದೇ ಮಾತು, "ಚಿಕ್ಕಂದಿನಿಂದ ಕಿವಿ ಸೋರುತ್ತೆ ಸಾರ್, ನೆಗಡಿ ಆದಾಗ ಮಾತ್ರ, ಆಮೇಲೆ ತಾನಾಗೇ ನಿಂತೋಗುತ್ತೆ". ಸೋರೋದು ನಿಲ್ಲುತ್ತೆ, ಆದ್ರೆ ಕಿವಿಯೊಳಗಿನ ತೆಳು ಪೊರೆಲಿ, ಅಂದ್ರೆ ಕಿವಿ ತಮಟೆಲಿ ಆಗಿರೋ ತೂತು ಅಲ್ಲೇ ಇರುತ್ತೆ ಕಣಮ್ಮ. ಕಿವಿ ತಮಟೆ ಅನ್ನೋ ಹೆಸರು ಸುಮ್ನೆ ಬಂದಿಲ್ಲ, ಜಾತ್ರೆಲಿ ಬಡಿಯೋ ತಮಟೆ ಚರ್ಮ ಹರಿದ್ರೆ ನಾದ ಹೇಗೆ ಬೀಳುತ್ತೋ ಇಲ್ಲೂ ಹಾಗೇ. ಅಗಲ ಹೆಚ್ಚುಕಮ್ಮಿ 1 ಸೆಂಟಿಮೀಟರ್, ದಪ್ಪ 0.1 ಮಿಲಿಮೀಟರ್, ಅಷ್ಟರಲ್ಲೇ ಮೂರು ಪದರ.

ಎಲ್ಲ ತೂತಿಗೂ ಆಪರೇಷನ್ ಬೇಕಾಗಲ್ಲ. ಕೆನ್ನೆಗೆ ಏಟು ಬಿದ್ದೋ ಪಟಾಕಿ ಸದ್ದಿಗೋ ಹರಿದಿದ್ದು ಹೆಚ್ಚಿನವರಲ್ಲಿ ಕೆಲವು ವಾರದಿಂದ ಮೂರು ತಿಂಗಳೊಳಗೆ ತಾನೇ ಕೂಡ್ಕೊಳ್ಳುತ್ತೆ. ಆದ್ರೆ ಒಳಗೆ ನೀರು ಹೋಗಬಾರದು, ದಯವಿಟ್ಟು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಬೇಡಿ. ವರ್ಷಗಟ್ಟಲೆ ಸೋರಿ ಸೋರಿ ಉಳಿದ ತೂತು ಮಾತ್ರ ಸಾಮಾನ್ಯವಾಗಿ ತಾನಾಗಿ ಮುಚ್ಚಲ್ಲ, ಅದಕ್ಕೆ ತೇಪೆ ಹಾಕ್ಬೇಕು.

ಯಾವುದರ ತೇಪೆ? 1640ರಲ್ಲಿ ಬಾಂಜರ್ ಅನ್ನೋರು ಹಂದಿ ಮೂತ್ರಕೋಶದ ಪೊರೆನ ಸಣ್ಣ ಕೊಳವೆಗೆ ಬಿಗಿದು ಕಿವಿಗೆ ಇಟ್ಟು ನೋಡಿದ್ರು. 1878ರಲ್ಲಿ ಬರ್ಟೋಲ್ಡ್ ಅನ್ನೋ ಡಾಕ್ಟರು ರೋಗಿಯ ಚರ್ಮಾನೇ ತಗೊಂಡು ಹಾಕಿದ್ರು, 1950ರ ದಶಕದಲ್ಲಿ ವುಲ್‌ಸ್ಟೈನ್, ಝೋಲ್ನರ್ ಅನ್ನೋ ಡಾಕ್ಟರುಗಳು ಕೂಡ ಚರ್ಮಾನೇ ಬಳಸಿದ್ರು. ಚರ್ಮದ ಸಮಸ್ಯೆ ಏನಂದ್ರೆ ಅದು ಪದರ ಪದರವಾಗಿ ಉದುರ್ತಾನೇ ಇರುತ್ತೆ, ಕಿವಿಯೊಳಗೆ ಅದು ಸೇರ್ಕೊಂಡು ಕೀವು ಶುರುವಾಗುತ್ತೆ. ಆ ದಶಕದ ಕೊನೆಗೆ ಜರ್ಮನಿಯ ಹೀರ್ಮನ್ ಥರದೋರು ಕಿವಿ ಮೇಲಿನ ಸ್ನಾಯು ಹೊದಿಕೆ ಹಿಡಿದ್ರು, ಅದನ್ನ ಟೆಂಪೊರಾಲಿಸ್ ಫೇಶಿಯಾ ಅಂತೀವಿ, ಇವತ್ತಿಗೂ ಹೆಚ್ಚು ಬಳಕೆಲಿರೋದು ಅದೇ.

ಹಲ್ಲು ಕಚ್ಚಿ ಕಿವಿ ಮೇಲೆ ಕೈಯಿಟ್ಟು ನೋಡಿ, ಒಂದು ಸ್ನಾಯು ಉಬ್ಬುತ್ತೆ. ಅದರ ಮೇಲಿನ ಬಿಳಿ ಪೊರೆ ಅದು. ಕೂದಲ ಮರೆಯಲ್ಲಿ ಸಣ್ಣದಾಗಿ ಕುಯ್ದು ತೆಗೀತೀವಿ, ತೆಗೆದಾಗ ಒದ್ದೆ ಬಟ್ಟೆ ಥರ ಮುದುಡ್ಕೊಳ್ಳುತ್ತೆ. ಅಂಟಿರೋ ಮಾಂಸ ಕೊಬ್ಬು ಕೆರೆದು, ಸ್ಟೀಲ್ ಬಟ್ಟಲ ಬೆನ್ನ ಮೇಲೆ ಹರಡಿ ದೀಪದ ಕೆಳಗೆ ಒಣಗಿಸ್ತೀವಿ, ಸ್ವಲ್ಪ ಹೊತ್ತಲ್ಲಿ ಈರುಳ್ಳಿ ಪದರದ ಒಳಗಿನ ತೆಳು ಪೊರೆ ಥರ ಗರಿಗರಿ ಆಗುತ್ತೆ. ಆಮೇಲೆ ಪಂಕ್ಚರ್ ಅಂಗಡಿಯೋನು ಟ್ಯೂಬ್ ಉಜ್ಜಿ ಒರಟು ಮಾಡ್ತಾನಲ್ಲ, ಹಾಗೇ ತೂತಿನ ಅಂಚನ್ನ ಸುತ್ತ ಕೆರೆದು ಹಸಿ ಮಾಡ್ತೀವಿ, ಯಾಕಂದ್ರೆ ಹಸಿ ಅಂಚಿಂದಾನೇ ಹೊಸ ರಕ್ತನಾಳ ತೇಪೆಯೊಳಗೆ ನುಗ್ಗೋದು. ತೇಪೆನ ಸಾಮಾನ್ಯವಾಗಿ ತಮಟೆ ಕೆಳಗೆ ತೂರಿಸಿ, ಜಾರದೆ ಇರ್ಲಿ ಅಂತ ತಾನಾಗೇ ಕರಗಿಹೋಗೋ ಸ್ಪಂಜು ಆನಿಸ್ತೀವಿ.

ಇನ್ನೊಂದು ತೇಪೆ ಮೃದ್ವಸ್ಥಿದು, ಅಂದ್ರೆ ಬಗ್ಗೋ ಮೂಳೆದು. ಜೋರು ಸದ್ದಾದಾಗ ಕಿವಿ ಮುಚ್ಚೋಕೆ ಬೆರಳಲ್ಲಿ ಒತ್ತೋ ಆ ಗಟ್ಟಿ ತುಣುಕು. ಕಿವಿಗೆ ಗಾಳಿ ಸರಿಯಾಗಿ ಹೋಗದೆ ತಮಟೆ ಒಳಕ್ಕೆ ಎಳ್ಕೊಳ್ಳೋರಿಗೆ, ದೊಡ್ಡ ತೂತಿನೋರಿಗೆ, ಒಂದ್ಸಲ ಆಪರೇಷನ್ ಫೇಲ್ ಆದೋರಿಗೆ ನಾನು ಇದನ್ನೇ ಹಾಕ್ತೀನಿ, ಅದು ಸುಲಭಕ್ಕೆ ಕುಗ್ಗಲ್ಲ. ದಪ್ಪ ಆದ್ರೆ ಕೇಳ್ಸಲ್ವಾ ಅಂತ ಭಯ ಬೇಡ, 0.5 ಮಿಲಿಮೀಟರ್‌ಗೆ ಸೀಳಿ ಹಾಕಿದ್ರೆ ಕೇಳೋದ್ರಲ್ಲಿ ಅಂಥ ವ್ಯತ್ಯಾಸ ಇರಲ್ಲ. ಸಾಸಿವೆ ಕಾಳಷ್ಟು ತೂತಿಗೆ ಓಲೆ ಹಾಕೋ ಹಾಲೆಯಿಂದ ಚೂರು ಕೊಬ್ಬು ತೆಗೆದು ತುರುಕಿದ್ರೂ ಸಾಕಾಗುತ್ತೆ.

ಒಬ್ಬ ಅಕ್ಕ ಕೇಳಿದ್ರು, "ನಮ್ ರೇಷ್ಮೆಲೂ ಇದಾಗುತ್ತಾ ಸಾರ್?". ಒಳ್ಳೆ ಪ್ರಶ್ನೆ. ರೇಷ್ಮೆ ನೂಲಿನ ಪ್ರೋಟೀನಿಂದ ತೆಳು ಹಾಳೆ ಮಾಡಿ ತಮಟೆಗೆ ಹಾಕೋ ಸಂಶೋಧನೆ ಹೊರದೇಶಗಳಲ್ಲಿ ನಡೆದಿದೆ. ನೀವು ದಿನಾ ಬಿಸಿನೀರಲ್ಲಿ ಕೈಯಿಟ್ಟು ಬಿಚ್ಚೋ ನೂಲು ಯಾರದೋ ಕಿವಿಗೆ ಆಸರೆ ಆಗೋದಂದ್ರೆ ನನಗೇ ಮೈ ಜುಂ ಅನ್ನುತ್ತೆ.

ಅದೇ ಅಕ್ಕಂಗೆ ಹೋದ ವರ್ಷ ಎಡಗಿವಿಗೆ ಫೇಶಿಯಾ ಹಾಕಿದ್ವಿ. ಮೊದಲು ಫೋನ್ ಬಂದ್ರೆ ಬಲಗಿವಿಗೇ ಇಡ್ತಿದ್ರು, ಈಗ ಎಡಗಡೆನೂ ಇಡ್ತಾರೆ. ಕಿವಿ ವಾಸಿ ಆಗೋವರೆಗೂ ತಲೆಸ್ನಾನಕ್ಕೆ ವ್ಯಾಸಲಿನ್ ಸವರಿದ ಹತ್ತಿ ಇಟ್ಕೊಂಡ್ರು, ಮೂಗು ಜೋರಾಗಿ ಸೀದಲಿಲ್ಲ, ಸೀನು ಬಂದ್ರೆ ಬಾಯಿ ತೆಗೆದು ಸೀನಿದ್ರು. ಅರ್ಧ ಕೆಲಸ ಅವರದೇ.

ಕಿವಿ ನೋಡೋ ದೀಪ ತಂದಿದ್ದೀನಿ, ಸೋರೋ ಕಿವಿ ಇರೋರು ಈ ಕಡೆ ಬೆಂಚ್ ಹತ್ರ ಬನ್ನಿ, ಮಕ್ಕಳನ್ನ ಮೊದಲು ಕೂರಿಸಿ.